ನಾಲ್ಕೇ ಜನ ಇದ್ದರು

ಜನವರಿ ೬

ತಂಗುಮನೆಯ ಮೇಲ್ವಿಚಾರಕಿಯವರಿಗೆ,

ನಮ್ಮ ಚರ್ಚಿನ ಸಭೆಯ ಸೇವಾ ಪ್ರವಾಸ ಸಮಿತಿಯ ಕಾರ್ಯದರ್ಶಿಯಾಗಿ ಈ ಪತ್ರ ಬರೆಯುತ್ತಿದ್ದೇನೆ. ವರ್ಷಕ್ಕೊಮ್ಮೆ ನಾಲ್ಕು ದಿನ ಹೊರಗೆ ಹೋಗಿ ಸೇವೆ ಮಾಡಿ ಬರುವುದು ನಮ್ಮ ಸಭೆಯ ವಾಡಿಕೆ. ಈ ಸಲ ತಮ್ಮ ತಂಗುಮನೆಗೆ, ಅಂದರೆ ದೊಡ್ಡಾಸ್ಪತ್ರೆಯ ರೋಗಿಗಳ ಮನೆಯವರು ಇಳಿದುಕೊಳ್ಳುವ ಕಟ್ಟಡಕ್ಕೆ, ಬರುವುದೆಂದು ತೀರ್ಮಾನವಾಗಿದೆ. ಏಪ್ರಿಲ್ ೧೦ರ ಶುಕ್ರವಾರ ಹೊರಟು ೧೩ರ ಸೋಮವಾರ ಹಿಂದಿರುಗುತ್ತೇವೆ. ಒಟ್ಟು ಇಪ್ಪತ್ನಾಲ್ಕು ಜನ.

ಕಾರ್ಯಕ್ರಮದ ಪಟ್ಟಿ ಜೊತೆಗಿದೆ. ಬೆಳಿಗ್ಗೆ ೬:೧೦ಕ್ಕೆ ಬಸ್ಸು ಹೊರಡುತ್ತದೆ. ೬:೧೫ಕ್ಕೆ ಅಲ್ಲ. ಶನಿವಾರ ಮಧ್ಯಾಹ್ನ ೪:೧೫ಕ್ಕೆ ಗಾಯನ ತಂಡದ ಹನ್ನೆರಡು ಕೀರ್ತನೆಗಳು, ೫:೦೫ಕ್ಕೆ ಕಿರುನಾಟಕ, ೫:೩೦ಕ್ಕೆ ಸಭಾಪಾಲಕರ ಸಂದೇಶ, ೫:೫೦ಕ್ಕೆ ಹೊದಿಕೆಗಳ ವಿತರಣೆ, ೬:೦೫ಕ್ಕೆ ಗುಂಪು ಛಾಯಾಚಿತ್ರ. ಭಾನುವಾರವೂ ಇದೇ ಕ್ರಮ, ಕೀರ್ತನೆಗಳು ಮಾತ್ರ ಬೇರೆ. ತಾವು ಎಪ್ಪತ್ತು ಜನ ಕೂರುವ ಹಾಲು, ಒಂದು ಮೈಕು, ಬ್ಯಾನರು ಕಟ್ಟಲು ಎದುರುಬದುರು ಎರಡು ಮೊಳೆ ಒದಗಿಸಬೇಕು. ಉಳಿದದ್ದೆಲ್ಲ ನಮ್ಮದೇ.

ಪಟ್ಟಿಯನ್ನು ಇಂಕಿನಲ್ಲಿ ಬರೆದಿದ್ದೇನೆ. ತಿದ್ದುಪಡಿಗೆ ಅವಕಾಶವಿಲ್ಲ.

ಈ ಸ್ಥಳವನ್ನು ಆರಿಸಿದ್ದು ಸಮಿತಿ, ನಾನಲ್ಲ ಎಂಬುದು ತಮ್ಮ ಗಮನಕ್ಕೆ.

ಇತಿ,
ಕಾರ್ಯದರ್ಶಿ, ಸೇವಾ ಪ್ರವಾಸ ಸಮಿತಿ
(ನಿವೃತ್ತ ಟೈಮ್‌ಕೀಪರ್, ಬಸ್ ಡಿಪೋ)


ಜನವರಿ ೧೯

ಮಾನ್ಯ ಕಾರ್ಯದರ್ಶಿಯವರಿಗೆ,

ತಮ್ಮ ಪತ್ರ ತಲುಪಿತು. ನಾಲ್ಕು ವರ್ಷಗಳ ಮೇಲೆ ತಮ್ಮ ಕೈಬರಹ ನೋಡಿದೆ. ಇನ್ನೂ ಗೆರೆ ಎಳೆದುಕೊಂಡೇ ಬರೆಯುತ್ತೀರಿ. ಲಕೋಟೆಯ ಮೇಲೆ ನನ್ನ ಹುದ್ದೆ ಇತ್ತು, ಹೆಸರಿರಲಿಲ್ಲ. ಇರಲಿ. ಮೇಲ್ವಿಚಾರಕಿಯಾಗಿಯೇ ಉತ್ತರ ಬರೆಯುತ್ತೇನೆ.

ಮಧ್ಯಾಹ್ನ ೪:೧೫ಕ್ಕೆ ನಮ್ಮ ಮನೆಯಲ್ಲಿ ಇರುವವರು ಇಬ್ಬರು: ನಾನು, ಮತ್ತೆ ಅಡುಗೆಕೋಣೆಯ ಬೆಕ್ಕು. ಇಲ್ಲಿ ಇಳಿದುಕೊಂಡ ಅರವತ್ತು ಜನರೂ ಆ ಹೊತ್ತಿಗೆ ಆಸ್ಪತ್ರೆಯಲ್ಲಿರುತ್ತಾರೆ. ತಮ್ಮ ಹನ್ನೆರಡು ಕೀರ್ತನೆಗಳನ್ನು ಬೆಕ್ಕು ಕೇಳಬಹುದು, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಎಪ್ಪತ್ತು ಜನ ಕೂರುವ ಹಾಲ್ ಇಲ್ಲ. ಇದ್ದ ಒಂದು ಹಾಲ್‌ನಲ್ಲಿ ಎರಡು ವರ್ಷದಿಂದ ಮಂಚ ಹಾಕಿದ್ದೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗಾಯಿತು ತಮ್ಮ ಪಟ್ಟಿ.

ಆದರೂ ಬನ್ನಿ. ಕಾರ್ಯಕ್ರಮ ಇಲ್ಲದೆ ಬನ್ನಿ. ನಮಗೆ ಬೇಕಾಗಿರುವುದು ಕಂಠವಲ್ಲ, ಕಾಲು.

ಈ ಆಸ್ಪತ್ರೆಯಲ್ಲಿ ಎಲ್ಲದಕ್ಕೂ ಸಾಲು. ಚೀಟಿಗೆ ಒಂದು, ರಕ್ತ ಕೊಡಲು ಒಂದು, ಅದರ ವರದಿ ತರಲು ಇನ್ನೊಂದು, ಔಷಧಿ ಕಿಟಕಿಯಲ್ಲಿ ಎಲ್ಲಕ್ಕಿಂತ ಉದ್ದದ್ದು. ಬೆಳಿಗ್ಗೆ ಐದೂವರೆಗೆ ಜನ ಚಪ್ಪಲಿ, ನೀರಿನ ಬಾಟಲಿ, ಕಲ್ಲು ಇಟ್ಟು ಜಾಗ ಹಿಡಿಯುತ್ತಾರೆ. ರೋಗಿಯ ಜೊತೆ ಬಂದವರು ಸಾಮಾನ್ಯವಾಗಿ ಒಬ್ಬರೇ. ಆ ಒಬ್ಬರು ಸಾಲಿನಲ್ಲಿ ನಿಂತರೆ ಹಾಸಿಗೆಯ ಪಕ್ಕ ಯಾರೂ ಇಲ್ಲ. ಹಾಸಿಗೆಯ ಪಕ್ಕ ಕೂತರೆ ಔಷಧಿ ಇಲ್ಲ. ತಮ್ಮ ಇಪ್ಪತ್ನಾಲ್ಕು ಜನ ಮೂರು ದಿನ ಅವರ ಬದಲಿಗೆ ಸಾಲಿನಲ್ಲಿ ನಿಂತರೆ ಸಾಕು. ಅದಕ್ಕಿಂತ ದೊಡ್ಡ ಸೇವೆ ನನಗೆ ಗೊತ್ತಿಲ್ಲ.

ಶನಿವಾರ, ಭಾನುವಾರ ಕಿಟಕಿಗಳು ಮುಚ್ಚಿರುತ್ತವೆ. ಸೋಮವಾರದಿಂದ ಬುಧವಾರದವರೆಗೆ ನೂಕುನುಗ್ಗಲು. ದಿನಾಂಕ ಬದಲಾಯಿಸಿ.

ಮೊಳೆ ಬೇಕಾದರೆ ಹೊಡೆಸಿಕೊಡುತ್ತೇನೆ. ಒದ್ದೆ ಬಟ್ಟೆ ಒಣಹಾಕಲು ಹೇಗೂ ಬೇಕಿತ್ತು.

ಇತಿ,
ಮೇಲ್ವಿಚಾರಕಿ, ತಂಗುಮನೆ


ಜನವರಿ ೩೦

ಮೇಲ್ವಿಚಾರಕಿಯವರಿಗೆ,

ನಾನು ಮೂವತ್ತೊಂದು ವರ್ಷ ಡಿಪೋದ ಗೇಟಿನಲ್ಲಿ ಕೂತು ಬಸ್ಸು ಬಿಟ್ಟವಳು. ನನ್ನ ಕಾಲದಲ್ಲಿ ಒಂದು ಗಾಡಿಯೂ ಹೊತ್ತು ಮೀರಿ ಹೊರಟಿಲ್ಲ. ಡ್ರೈವರಿಗೆ ಹೊಟ್ಟೆನೋವು, ಕಂಡಕ್ಟರನ ಮಾವ ಸತ್ತ, ಟೈರಿನಲ್ಲಿ ಗಾಳಿಯಿಲ್ಲ, ಎಲ್ಲ ಕತೆಯನ್ನೂ ಕೇಳಿದ್ದೇನೆ. ಒಬ್ಬರ ಕತೆಗೆ ಒಂದು ನಿಮಿಷ ಕೊಟ್ಟರೆ ದಾರಿಯುದ್ದಕ್ಕೂ ಐವತ್ತು ಸ್ಟಾಪಿನಲ್ಲಿ ಜನ ಬಿಸಿಲಲ್ಲಿ ನಿಲ್ಲುತ್ತಾರೆ. ಕಲ್ಲೆದೆ ಎಂದು ನನಗೆ ಹೆಸರಿತ್ತು. ಇರಲಿ, ಕಲ್ಲೆದೆಯವಳು ಬಿಟ್ಟ ಬಸ್ಸಿನಲ್ಲಿ ಊರೆಲ್ಲ ಕೆಲಸಕ್ಕೆ ಹೋಗಿ ಉಂಡಿದೆ.

ನಮ್ಮ ಗಾಯನ ತಂಡ ಮೂರು ತಿಂಗಳಿಂದ ಅಭ್ಯಾಸ ಮಾಡುತ್ತಿದೆ. ಹಾಡಿನ ಮೇಷ್ಟ್ರು ಎರಡು ಹೊಸ ಕೀರ್ತನೆ ಕಟ್ಟಿದ್ದಾರೆ. ಪಟ್ಟಿ ಅಚ್ಚಾಗಿ ಬಂದಿದೆ. ಸಾಲಿನಲ್ಲಿ ನಿಲ್ಲುವುದು ಸೇವೆ ಎಂದು ಯಾವ ಪುಸ್ತಕದಲ್ಲಿ ಬರೆದಿದೆ? ನಿಮ್ಮ ಆಸ್ಪತ್ರೆಗೆ ಕಿಟಕಿ ಸಾಲದಿದ್ದರೆ ಇನ್ನೆರಡು ಕಿಟಕಿ ತೆರೆಯಲಿ. ಅದು ಬಿಟ್ಟು ದೇವರ ಕೆಲಸಕ್ಕೆ ಬಂದವರನ್ನು ಚಪ್ಪಲಿಯ ಬದಲು ನಿಲ್ಲಿಸುವುದು ಯಾವ ನ್ಯಾಯ?

ಬಂದ ಅತಿಥಿಗಳು ಏನು ಮಾಡಬೇಕೆಂದು ನೀನು ಹೇಳಿಕೊಡಬೇಡ. ಸಾಲಿನ ವಿಷಯವಂತೂ ನನಗೆ ಹೇಳಿಕೊಡಲೇಬೇಡ.

ದಿನಾಂಕ ಬದಲಾಗುವುದಿಲ್ಲ. ಪಟ್ಟಿಯೂ ಬದಲಾಗುವುದಿಲ್ಲ.

ಕಾರ್ಯದರ್ಶಿ


ಫೆಬ್ರವರಿ ೮

ಅಂತೂ 'ತಾವು' ಹೋಗಿ 'ನೀನು' ಬಂತು. ಬಯ್ಯಬೇಕಾದರೆ ಮಾತ್ರ ನಾನು ನಿನ್ನ ಮಗಳು.

ಹಾಗಾದರೆ ಮಗಳಾಗಿಯೇ ಕೇಳುತ್ತೇನೆ. ಅಪ್ಪ ಹೋಗಿದ್ದು ಬೆಳಿಗ್ಗೆ ೧೦:೪೦ಕ್ಕೆ. ಆಸ್ಪತ್ರೆಯ ಕಾಗದದಲ್ಲಿ ಹಾಗಿದೆ. ನಾನು ಆ ದಿನ ಸಂಜೆ ಬಸ್ಸಿಳಿದು ಓಡಿ ಬಂದಾಗ ನೀನು ಡಿಪೋದ ಸಮವಸ್ತ್ರದಲ್ಲೇ ಬೆಂಚಿನ ಮೇಲೆ ಕೂತಿದ್ದೆ. "ಆಗ ಎಲ್ಲಿದ್ದೆ?" ಅಂತ ಕೇಳಿದೆ. "ಕೆಲಸ ಇತ್ತು" ಅಂದೆ ನೀನು. ಅಷ್ಟೇ. ಎರಡು ಪದ. ನಿನ್ನ ಗಂಡ ಗೋಡೆ ನೋಡುತ್ತ ಒಬ್ಬನೇ ಸತ್ತ, ನೀನು ಯಾವುದೋ ಬಸ್ಸಿಗೆ ಸೀಟಿ ಊದುತ್ತಿದ್ದೆ. ಯಾವ ರೂಟಿನದು ಅದು, ಅಮ್ಮ? ಹೊತ್ತಿಗೆ ಸರಿಯಾಗಿ ಹೊರಟಿತಾ?

ನಾನು ಆಫೀಸಿನ ಕೆಲಸ ಬಿಟ್ಟು ಈ ತಂಗುಮನೆಗೆ ಯಾಕೆ ಬಂದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಯಾರ ಮನೆಯವರೂ ಹಾಗೆ ಒಬ್ಬರೇ ಗೋಡೆ ನೋಡಬಾರದು ಅಂತ ಬಂದೆ.

ಹೋದ ವಾರ ಇಲ್ಲಿ ಒಬ್ಬ ಗಾರೆ ಕೆಲಸದವಳು, ಗಂಡನನ್ನು ಎರಡನೇ ಮಹಡಿಯಲ್ಲಿ ಮಲಗಿಸಿಕೊಂಡು ಬಂದಿರುವವಳು, ಔಷಧಿ ಸಾಲಿನಲ್ಲಿ ನಿಂತಿದ್ದಳು. ಮೇಲಿನಿಂದ ಆಯಾ ಬಂದು ಕೂಗಿದಳು, ಗಂಡನಿಗೆ ಉಸಿರು ಕಟ್ಟುತ್ತಿದೆ ಅಂತ. ಅವಳು ಸಾಲು ಬಿಟ್ಟು ಒಂದು ಹೆಜ್ಜೆ ಇಟ್ಟು ಮತ್ತೆ ವಾಪಸು ಬಂದಳು. ಹೋದರೆ ಜಾಗ ಹೋಯಿತು, ಮತ್ತೆ ಮೂರು ಗಂಟೆ. ಹೋಗದಿದ್ದರೆ ಗಂಡ. ಅವಳ ಮುಖ ನೋಡಲಾಗಲಿಲ್ಲ ನನಗೆ. ನಾನು ಅವಳ ಜಾಗದಲ್ಲಿ ನಿಂತೆ. ಅವಳು ಹೋದಳು. ಗಂಡ ಸುಧಾರಿಸಿಕೊಂಡ, ಅದು ಬೇರೆ ಮಾತು. ಅರವತ್ತು ಜನಕ್ಕೆ ನಾನೊಬ್ಬಳೇ ಎಷ್ಟು ಸಾಲಿನಲ್ಲಿ ನಿಲ್ಲಲಿ?

ಇದನ್ನು ಸೇವೆ ಅಲ್ಲ ಅನ್ನುವವರು ಬ್ಯಾನರು ಮಡಚಿಕೊಂಡು ಮನೆಯಲ್ಲಿರಲಿ. ಬರಬೇಡಿ.

ನಿನ್ನ ಪಟ್ಟಿಯನ್ನು ವಾಪಸು ಕಳಿಸಿದ್ದೇನೆ.

ಮಗಳು


ಮಾರ್ಚ್ ೧೭

ಮಗಳೇ,

ಇದು ಐದನೆಯ ಪತ್ರ. ನಾಲ್ಕನ್ನು ಬರೆದು ಹರಿದೆ. ಇದನ್ನು ಹರಿಯುವ ಬುದ್ಧಿ ಬರುವ ಮೊದಲೇ ಅಂಚೆ ಡಬ್ಬಿಗೆ ಹಾಕಬೇಕೆಂದು ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದೇನೆ.

ಅಪ್ಪ ಹೋದ ದಿನ ನಾನು ಡಿಪೋದಲ್ಲಿರಲಿಲ್ಲ.

ಹನ್ನೊಂದರ ಪಾಳಿಗೆ ಹೋಗಬೇಕೆಂದು ಸಮವಸ್ತ್ರ ಹಾಕಿಕೊಂಡಿದ್ದು ನಿಜ. ಬೆಳಿಗ್ಗೆ ಏಳೂವರೆಗೆ ನಮ್ಮೂರ ಆಸ್ಪತ್ರೆಯ ಡಾಕ್ಟರು ಚೀಟಿ ಬರೆದುಕೊಟ್ಟರು. ಇಂಜೆಕ್ಷನ್ ವಾರ್ಡಿನಲ್ಲಿ ಇಲ್ಲ, ಕೆಳಗಿನ ಕಿಟಕಿಯಲ್ಲಿ ತೆಗೆದುಕೊಂಡು ಬನ್ನಿ ಎಂದರು. ೭:೪೦ಕ್ಕೆ ಸಾಲಿಗೆ ನಿಂತೆ. ನನ್ನ ಮುಂದೆ ತೊಂಬತ್ತು ತಲೆ. ಕಿಟಕಿ ತೆರೆದಿದ್ದು ೮:೨೦ಕ್ಕೆ. ೯:೦೫ಕ್ಕೆ ಒಳಗಿನವನು ಎದ್ದು ಹೋಗಿ ೯:೧೭ಕ್ಕೆ ಬಂದ. ಹೊತ್ತು ನೆನಪಿಡುವುದು ನನ್ನ ರೋಗ, ನಿನಗೆ ಗೊತ್ತು.

೧೦:೨೫ಕ್ಕೆ ಮೇಲಿನಿಂದ ಆಯಾ ಇಳಿದು ಬಂದಳು. "ಮೂವತ್ತೆರಡನೇ ಹಾಸಿಗೆಯವರು ಯಾರಮ್ಮ? ಬೇಗ ಬರಬೇಕಂತೆ," ಅಂದಳು. ನಾನು ಮುಂದೆ ನೋಡಿದೆ. ನಾಲ್ಕೇ ಜನ ಇದ್ದರು. ಎರಡೂಮುಕ್ಕಾಲು ಗಂಟೆ ನಿಂತಿದ್ದೆ, ಇನ್ನು ನಾಲ್ಕು ಜನ. "ನಾಲ್ಕೇ ಜನ ಇದಾರೆ, ತಗೊಂಡೇ ಬರ್ತೀನಿ ಅಂತ ಹೇಳಿ," ಅಂದೆ. ಅವಳು ಹೋದಳು. ಆ ನಾಲ್ವರಲ್ಲಿ ಎರಡನೆಯವನ ಚೀಟಿಗೆ ಮೊಹರಿರಲಿಲ್ಲ. ಕಿಟಕಿಯವನಿಗೂ ಅವನಿಗೂ ವಾದ ಹತ್ತಿತು. ಇಂಜೆಕ್ಷನ್ ನನ್ನ ಕೈಗೆ ಬಂದಾಗ ಗಡಿಯಾರ ನೋಡಿದೆ. ೧೦:೪೦.

ಮೇಲೆ ಹೋದಾಗ ಹೊದಿಕೆಯನ್ನು ಮುಖದವರೆಗೆ ಎಳೆದಿದ್ದರು.

ನೀನು ಎಲ್ಲಿದ್ದೆ ಎಂದು ಕೇಳಿದಾಗ ನಿನ್ನ ಕಣ್ಣು ನನ್ನ ಸಮವಸ್ತ್ರದ ಮೇಲಿತ್ತು. ಉತ್ತರ ನೀನೇ ಬರೆದುಕೊಂಡಿದ್ದೆ. ಹಾಗಂದುಕೊಂಡರೆ ಅಂದುಕೊಳ್ಳಲಿ ಎಂದು ಬಿಟ್ಟೆ. ಮೊದಲು ಅದು ಸಿಟ್ಟು. ಆಮೇಲೆ ಅದೇ ಅನುಕೂಲವಾಯಿತು. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಸುಲಭ ಕಣೇ, ಮಾಡಿದ ತಪ್ಪಿಗೆ ಕಷ್ಟ. ಡಿಪೋದಲ್ಲಿದ್ದೆ ಎಂದು ನೀನು ಬೈದಾಗಲೆಲ್ಲ ಆ ನಾಲ್ಕು ಜನರ ವಿಷಯ ಹೇಳುವುದು ತಪ್ಪುತ್ತಿತ್ತು. ನೀನು ಮನೆ ಬಿಟ್ಟು ಹೋದಾಗಲೂ ತಡೆಯಲಿಲ್ಲ. ನನ್ನ ಬಾಯಿಗೆ ಬೀಗ ಹಾಕಿದ್ದು ನಾನೇ.

ಸಾಲಿನ ವಿಷಯ ಹೇಳಿಕೊಡಬೇಡ ಎಂದು ಬರೆದಿದ್ದು ಇದಕ್ಕೆ. ಈಗ ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಇನ್ನು ಪ್ರವಾಸದ ಮಾತು. ನಿನ್ನ ಎರಡು ಪತ್ರಗಳನ್ನೂ ಸಮಿತಿಯಲ್ಲಿ ಓದಿದೆ. ಅಪ್ಪನ ಭಾಗ ಬಿಟ್ಟು. ಓದಿ ಮುಗಿಸಿದ ಮೇಲೆ ಹಾಡಿನ ಮೇಷ್ಟ್ರು ಎದ್ದರು.

"ಮೂರು ತಿಂಗಳು ಗಂಟಲು ಹರಿದುಕೊಂಡಿದೀವಿ. ಹಾಡು ಬೇಡ ಅಂದ ಮೇಲೆ ನಾವ್ಯಾಕೆ?"

"ಗಂಟಲು ಇಲ್ಲೇ ಬಿಟ್ಟು ಕಾಲು ತಗೊಂಡು ಬನ್ನಿ ಮೇಷ್ಟ್ರೇ," ಅಂದೆ.

"ಮೊನ್ನೆ ಮೊನ್ನೆ ಒಂದು ನಿಮಿಷ ಆಚೀಚೆ ಆಗಬಾರದು ಅಂತ ನಮ್ಮನ್ನ ಕುಣಿಸಿದವರು ನೀವೇ ಅಲ್ವಾ?"

"ಹೌದು. ನಾನೇ. ತಪ್ಪು ಮಾಡಿದೆ. ಈಗೇನು, ತಪ್ಪಿಗೂ ಟೈಮ್ ಟೇಬಲ್ ಹಾಕ್ಕೊಂಡು ಅದನ್ನೇ ನಡೆಸಬೇಕಾ?"

ಸಭಾಪಾಲಕರು ಸೌಮ್ಯ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅವರಿಗೆ. "ಈ ವರ್ಷ ಬೇಡ, ಯೋಜನೆ ಸರಿಯಾಗಿ ಕೂರಲಿಲ್ಲ. ಮುಂದಿನ ವರ್ಷ ನೋಡೋಣ," ಅಂದರು. ನನಗೆ ಮೈ ಉರಿಯಿತು. ಮುಂದಿನ ವರ್ಷದ ಹೊತ್ತಿಗೆ ಆ ಸಾಲಿನಲ್ಲಿ ನಿಂತವರ ಮನೆಯಲ್ಲಿ ಯಾರಿರುತ್ತಾರೋ ಯಾರಿಲ್ಲವೋ. ನಮ್ಮ ಯೋಜನೆ ಕೂರಲಿಲ್ಲವಂತೆ. ಅಲ್ಲಿ ಅವರು ಕೂರದೆ ಎಷ್ಟು ದಿನವಾಯಿತೋ.

ಹಾಗೇ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಕಾರ್ಯದರ್ಶಿ ಹುದ್ದೆಗೆ ಅಲ್ಲೇ ರಾಜೀನಾಮೆ ಕೊಟ್ಟು, ಅಚ್ಚಾದ ಪಟ್ಟಿಯ ಬೆನ್ನಿನ ಮೇಲೆ ಬರೆದೆ: ಏಪ್ರಿಲ್ ೧೨, ಭಾನುವಾರ, ಹೊರಡುವವರು ಸಹಿ ಮಾಡಿ. ನನ್ನ ಸಹಿ ಮೊದಲು. ನಮ್ಮ ಡಿಪೋದ ಹಳೇ ಡ್ರೈವರಣ್ಣ ಎರಡನೆಯದು. ಟೈಲರಮ್ಮ, ಅವಳ ಇಬ್ಬರು ಸೊಸೆಯರು, ಪಿಂಚಣಿ ಪಡೆಯುವ ಅಂಚೆಯವರು, ಹೀಗೆ ಇಪ್ಪತ್ನಾಲ್ಕರಲ್ಲಿ ಒಂಬತ್ತು ಜನ ಉಳಿದಿದ್ದೇವೆ. ಬಸ್ಸು ಗೊತ್ತುಮಾಡಿದ್ದು ರದ್ದಾಯಿತು. ಸಿಕ್ಕ ಬಸ್ಸಿನಲ್ಲಿ ಬರುತ್ತೇವೆ. ಎಷ್ಟು ಹೊತ್ತಿಗೆ ತಲುಪುತ್ತೇವೆಂದು ಹೇಳಲಾರೆ. ಈ ವಾಕ್ಯ ಬರೆದಿದ್ದು ನಾನೇ, ನಗಬೇಡ.

ಉತ್ತರ ಬರೆಯದಿದ್ದರೂ ಸರಿ. ಬರಬೇಡ ಎಂದು ಬರೆದರೂ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ನೇರ ಆಸ್ಪತ್ರೆಗೆ ಹೋಗಿ ಸಾಲಿಗೆ ನಿಲ್ಲುತ್ತೇನೆ. ಸಾಲು ನಿನ್ನಪ್ಪನ ಮನೆ ಆಸ್ತಿಯಲ್ಲ.

ನಿನ್ನಪ್ಪ ಇದ್ದಿದ್ದರೆ ಈ ಕೊನೆಯ ಮಾತಿಗೆ ನಗುತ್ತಿದ್ದರು.

ಅಮ್ಮ


ಮಾರ್ಚ್ ೨೬

ಅಮ್ಮ,

ಮೆತ್ತನೆಯ ಚಪ್ಪಲಿ ಹಾಕಿಕೊಂಡು ಬಾ. ಡಿಪೋದ ಆ ಬೂಟು ಬೇಡ. ಎಲ್ಲರಿಗೂ ನೀರಿನ ಬಾಟಲಿ, ತಲೆಗೆ ಟೋಪಿ ಅಥವಾ ಬಟ್ಟೆ ಇರಲಿ. ಮಡಚುವ ಸ್ಟೂಲು ಎಷ್ಟು ಸಿಕ್ಕರೆ ಅಷ್ಟು ತನ್ನಿ. ಹೊದಿಕೆಗಳನ್ನೂ ತನ್ನಿ, ವಿತರಣೆ ಗಿತರಣೆ ಬೇಡ, ಬಾಗಿಲ ಪಕ್ಕದ ಬೆಂಚಿನ ಮೇಲೆ ಇಟ್ಟರೆ ಬೇಕಾದವರು ತೆಗೆದುಕೊಳ್ಳುತ್ತಾರೆ. ಒಂಬತ್ತು ಜನಕ್ಕೆ ಜಾಗ ಮಾಡಿದ್ದೇನೆ. ಎಲ್ಲರಿಗೂ ಮಂಚ ಇಲ್ಲ. ನಿನಗೆ ಇದೆ.

ಪಟ್ಟಿ ಮಾಡದೆ ನಿನಗೆ ನಿದ್ದೆ ಬರುವುದಿಲ್ಲ ಎಂದು ಗೊತ್ತು. ಮಾಡಿಕೋ. ಇಂಕಿನಲ್ಲಿ ಬೇಡ. ಒಂದು ಪೆನ್ಸಿಲ್ ತಾ. ರಬ್ಬರೂ ತಾ, ದೊಡ್ಡದು.

ಆ ನಾಲ್ಕು ಜನರ ಬಗ್ಗೆ ಪತ್ರದಲ್ಲಿ ಬರೆಯಲು ನನಗೆ ಬರುವುದಿಲ್ಲ. ಮೂರು ಸಲ ಪ್ರಯತ್ನಪಟ್ಟೆ.

ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆರೆದಿರುತ್ತದೆ.

ಗುಬ್ಬಿ


ಏಪ್ರಿಲ್ ೨೧

ಗುಬ್ಬೀ,

ಹನ್ನೆರಡು ವರ್ಷದವಳಾದ ಮೇಲೆ ಹಾಗೆ ಕರೆಯಬೇಡ ಎಂದು ಜಗಳ ಮಾಡಿದವಳು ನೀನು. ಈಗ ನೀನೇ ಸಹಿ ಮಾಡಿದ್ದೀಯ, ಇನ್ನು ಬಿಡುವುದಿಲ್ಲ.

ಸಮಿತಿಯವರು ಪ್ರವಾಸದ ವರದಿ ಕೇಳಿದ್ದಾರೆ. ನಾನು ರಾಜೀನಾಮೆ ಕೊಟ್ಟವಳು, ಯಾವ ಸೀಮೆ ವರದಿ ಎಂದೆ. ರಾಜೀನಾಮೆ ಅಂಗೀಕಾರವಾಗಿಲ್ಲವಂತೆ. ನಾನು ಜೋರಾಗಿ ಹೇಳಿದ್ದರಿಂದ ಯಾರೂ ಬರೆದುಕೊಳ್ಳಲಿಲ್ಲವಂತೆ. ಆದ್ದರಿಂದ ವರದಿ ಬರೆಯುತ್ತಿದ್ದೇನೆ, ಅದರ ಮೊದಲ ಪ್ರತಿ ನಿನಗೆ. ನಿನಗೆ ಗೊತ್ತಿರುವುದೇ ಬಹಳ ಇದೆ. ದಾಖಲೆಗೆ ಇರಲಿ. ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ, ನೋಡು.

ಹೊರಟಿದ್ದು ೬:೧೦ಕ್ಕೆ ಅಲ್ಲ. ಮೊದಲ ಬಸ್ಸು ಬರಲೇ ಇಲ್ಲ. ಎರಡನೆಯದರಲ್ಲಿ ನಿಲ್ಲಲು ಜಾಗವಿರಲಿಲ್ಲ. ಮೂರನೆಯದು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಡ್ರೈವರಣ್ಣ ಇಳಿದು ಹೋಗಿ ಆ ಬಸ್ಸಿನ ಡ್ರೈವರಿಗೆ ಉಪದೇಶ ಮಾಡುತ್ತ ಬಾನೆಟ್ಟಿನಲ್ಲಿ ತಲೆ ಹಾಕಿದ. ಇಬ್ಬರ ಮುಖಕ್ಕೂ ಮಸಿ ಹತ್ತಿತು, ಬಸ್ಸು ಮಾತ್ರ ಅಲುಗಲಿಲ್ಲ. ಮರದ ಕೆಳಗೆ ಕೂತಾಗ ಟೈಲರಮ್ಮ, "ಅಕ್ಕಾ, ಗಡಿಯಾರ ನೋಡಿ ನೋಡಿ ನಿಮ್ಮ ಕತ್ತು ಉಳುಕುತ್ತೆ, ಬಿಡಿ," ಅಂದಳು. ಅಲ್ಲೇ ಡ್ರೈವರಣ್ಣ ಗುಟ್ಟು ಬಿಟ್ಟುಕೊಟ್ಟಿದ್ದು. ತಂಗುಮನೆಯ ಹೆಸರನ್ನು ಸಮಿತಿಯಲ್ಲಿ ಎತ್ತಿದ್ದು ನಾನೇ, ಎಲ್ಲರೂ ಬೇರೆ ಊರು ಎನ್ನುತ್ತಿದ್ದಾಗ ಮೂರು ಸಲ ಕೈ ಎತ್ತಿದ್ದು ನಾನೇ ಎಂದು ಎಲ್ಲರೆದುರು ಹೇಳಿದ. ಆ ದಿನ ಊಟದ ಹೊತ್ತಿಗೆ ನಿನ್ನ ಕಿವಿಗೂ ಹಾಕಿದನಂತೆ. ಹೌದು, ನಾನೇ. ಮೊದಲ ಪತ್ರದಲ್ಲಿ ಸುಳ್ಳು ಬರೆದಿದ್ದೆ, ಅದೂ ಇಂಕಿನಲ್ಲಿ.

ಸೋಮವಾರ ಒಂಬತ್ತು ಜನಕ್ಕೆ ಒಂಬತ್ತು ಸಾಲು ಹಂಚಿ, ಎರಡು ಗಂಟೆಗೊಮ್ಮೆ ಪಾಳಿ ಬದಲಿಸುವ ಪಟ್ಟಿ ಹಾಕಿದೆ. ಹತ್ತು ಗಂಟೆಗೆ ಅದು ಚಿಂದಿಯಾಯಿತು. ರಕ್ತದ ಸಾಲನ್ನು ಹೇಳದೆ ಕೇಳದೆ ಇನ್ನೊಂದು ಕಟ್ಟಡಕ್ಕೆ ಬದಲಾಯಿಸಿದರು. ವರದಿಯ ಕಿಟಕಿ ತೆರೆಯಲೇ ಇಲ್ಲ. ಅಂಚೆಯವರು ತಪ್ಪು ಸಾಲಿನಲ್ಲಿ ಒಂದೂವರೆ ಗಂಟೆ ನಿಂತು ಯಾರದೋ ಹಲ್ಲಿನ ಚೀಟಿ ತಂದರು. ಅಳಿಸಿದೆ, ಬರೆದೆ, ಅಳಿಸಿದೆ. ಬುಧವಾರದ ಹೊತ್ತಿಗೆ ರಬ್ಬರು ಹೆಬ್ಬೆರಳಿನ ಉಗುರಿನಷ್ಟು ಉಳಿದಿತ್ತು. ಡಿಪೋದಲ್ಲಿ ನನ್ನ ರಿಜಿಸ್ಟರಿನಲ್ಲಿ ಯಾರಾದರೂ ಒಂದು ಅಂಕಿ ತಿದ್ದಿದ್ದರೆ ಆಳನ್ನೇ ಗೇಟಿನಿಂದ ಆಚೆ ಹಾಕುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಹಾಡಿನ ಮೇಷ್ಟ್ರು ಒಬ್ಬರೇ ಬಂದಿಳಿದರಲ್ಲ, "ಹೀಗೇ ಈ ಕಡೆ ಬಂದಿದ್ದೆ" ಎಂದು. ಆರು ಗಂಟೆ ಪ್ರಯಾಣದ ಊರಿಗೆ ಯಾರಾದರೂ ಹೀಗೇ ಬರುತ್ತಾರೆಯೇ? ನಾನು ಏನೂ ಕೇಳದೆ ಕೈಗೆ ಚೀಟಿ ಕೊಟ್ಟು ಔಷಧಿ ಸಾಲು ತೋರಿಸಿದೆ. ಮೂವತ್ತು ವರ್ಷ ನಿಂತು ಹಾಡಿಸಿದ ಕಾಲು, ನಮ್ಮೆಲ್ಲರಿಗಿಂತ ಗಟ್ಟಿ. ನಾಲ್ಕು ಗಂಟೆ ಅಲುಗದೆ ನಿಂತರು. ಮಧ್ಯೆ ತಮಗೇ ಗೊತ್ತಿಲ್ಲದೆ ಗುನುಗಿದ್ದಾರೆ. ಮುಂದೆ ನಿಂತಿದ್ದ ಮುದುಕ ತಿರುಗಿ, "ಇನ್ನೊಂದು ಸಲ ಹೇಳಿ," ಎಂದನಂತೆ. ಹನ್ನೆರಡು ಕೀರ್ತನೆಯಲ್ಲಿ ಖರ್ಚಾಗಿದ್ದು ಅದೊಂದೇ. ಮೇಷ್ಟ್ರು ಅದನ್ನು ಈಗ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಸಮಿತಿಯ ಮುದ್ರಿತ ಹಾಳೆಯಲ್ಲಿ ಪ್ರಶ್ನೆಗಳಿವೆ. ನಡೆಸಿದ ಸಭೆಗಳು ಎಷ್ಟು? ಒಂದೂ ಇಲ್ಲ. ಹಾಡಿದ ಕೀರ್ತನೆಗಳು? ಒಂದು, ಗುನುಗಿದ್ದು. ಛಾಯಾಚಿತ್ರ? ಇಲ್ಲ, ಹತ್ತು ಜನ ಒಂದೇ ಕಡೆ ಸೇರಿದ್ದು ಊಟಕ್ಕೆ ಮಾತ್ರ, ಆಗ ಎಲ್ಲರ ಬಾಯಿ ತುಂಬಿತ್ತು. ಯೋಜನೆಯಂತೆ ನಡೆಯದ್ದಕ್ಕೆ ಕಾರಣ? ಅದರ ಮುಂದೆ ಬರೆದೆ: ನಡೆಯಬೇಕಾದ್ದು ನಡೆಯಿತು, ಯೋಜನೆಗೆ ಬಿಡುವಿರಲಿಲ್ಲ. ಸಭಾಪಾಲಕರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ಹೀಗೇ ಓದ್ಬೇಕಾ ಅಮ್ಮ, ಸಭೆಯ ಮುಂದೆ?" ಅಂದರು. "ಹೀಗೇ ಓದಿ. ನಿಮಗಾಗದಿದ್ದರೆ ನಾನೇ ಓದ್ತೀನಿ," ಅಂದೆ.

ಇಡೀ ವರದಿಯಲ್ಲಿ ಇಂಕಿನಲ್ಲಿ ಬರೆದಿರುವುದು ಒಂದೇ ಸಾಲು. ಜೂನ್ ಎರಡನೇ ಭಾನುವಾರ ಮತ್ತೆ ಹೋಗುತ್ತೇವೆ. ಸಮಿತಿ ಒಪ್ಪಲಿ, ಬಿಡಲಿ.

ಇನ್ನು ಮುಂದಿನದು ವರದಿಯಲ್ಲಿ ಇಲ್ಲ. ನಿನಗೆ ಮಾತ್ರ.

ಬುಧವಾರ, ಎರಡು ತಿಂಗಳಾದರೂ ಗಂಡನ ಜೊತೆ ಇನ್ನೂ ಅಲ್ಲೇ ಇದ್ದ ಆ ಗಾರೆ ಕೆಲಸದವಳ ಬದಲು ನಾನು ಔಷಧಿ ಸಾಲಿನಲ್ಲಿದ್ದೆ. ಅವಳು ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ನಿನ್ನ ಕೋಣೆಯಲ್ಲಿ ಮಲಗಿಸಿ ಬಂದಿದ್ದೆವು. ಆಗ ಅದೇ ಆಯಾ ಇಳಿದು ಬಂದಳು. ಅದೇ ಅಲ್ಲ, ಇವಳು ಬೇರೆ, ಆದರೆ ಎಲ್ಲ ಆಯಾಗಳ ಧ್ವನಿಯೂ ಒಂದೇ. "ಹದಿನೆಂಟನೇ ಹಾಸಿಗೆ. ಎದ್ದು ಕೂತವ್ರೆ, ಗಾಬರಿ ಬಿದ್ದವ್ರೆ. ಯಾರಾದ್ರೂ ಬನ್ನಿ," ಅಂದಳು. ನಾನು ಮುಂದೆ ನೋಡಿದೆ. ಗುಬ್ಬೀ, ನಾಲ್ಕೇ ಜನ ಇದ್ದರು. ನಾನು ಎಣಿಸಿದೆ, ಮತ್ತೆ ಎಣಿಸಿದೆ. ಬಾಯಿಗೆ ಅದೇ ಮಾತು ಬಂತು. ನಾಲ್ಕೇ ಜನ ಇದಾರೆ, ತಗೊಂಡೇ ಬರ್ತೀನಿ. ಮುದುಕಿಯಾದರೂ ಹುಟ್ಟುಗುಣ ಹೋಗುವುದಿಲ್ಲ.

ನೀನು ಎಲ್ಲಿಂದ ಬಂದೆಯೋ ನನಗೆ ಗೊತ್ತಿಲ್ಲ. ಪಕ್ಕದಲ್ಲಿ ಬಂದು ನನ್ನ ಕೈಯಿಂದ ಚೀಟಿ ತೆಗೆದುಕೊಂಡೆ.

"ನಾಲ್ಕೇ ಜನ ಇದಾರೆ ಕಣೇ," ಅಂದೆ.

"ಗೊತ್ತಮ್ಮ. ನಾನು ನಿಲ್ತೀನಿ. ನೀನು ಹೋಗು."

ಅಷ್ಟೇ ನೀನು ಹೇಳಿದ್ದು. ಆಮೇಲೂ ಆ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ಬಸ್ಸು ಹತ್ತಿಸುವಾಗಲೂ ನೀನು ಬರೀ ಬಾಟಲಿಗೆ ನೀರು ತುಂಬಿದೆಯಾ ಎಂದು ಕೇಳಿದೆ. ಆದ್ದರಿಂದ ಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಹೇಳುತ್ತೇನೆ.

ಮೆಟ್ಟಿಲು ನಲವತ್ತಾರು. ಓಡಲಿಲ್ಲ, ನನ್ನ ಮಂಡಿ ಓಡುವುದಿಲ್ಲ, ಆದರೆ ಎಲ್ಲೂ ನಿಲ್ಲಲಿಲ್ಲ. ಹದಿನೆಂಟನೇ ಹಾಸಿಗೆಯವನು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಕೆಟ್ಟ ಕನಸು ಬಿದ್ದಿತ್ತಂತೆ, ಹೆಂಡತಿ ಕಾಣಲಿಲ್ಲವಂತೆ. ಅವಳು ಮಲಗಿದ್ದಾಳೆ, ನಾನು ಅವಳ ಬದಲು ಬಂದವಳು ಎಂದೆ. ಪಕ್ಕದಲ್ಲಿ ಕೂತೆ. ಕೊಡಲು ನನ್ನಲ್ಲಿ ಸಂದೇಶವಿಲ್ಲ, ಕೀರ್ತನೆ ನನಗೆ ಬರುವುದಿಲ್ಲ. ಅವನು ನನ್ನ ಕೈ ಹಿಡಿದುಕೊಂಡ. ಅವನದೂ ಗಾರೆ ಕೆಲಸದ ಕೈ, ಒರಟು. ನಿನ್ನಪ್ಪನ ಕೈ ಮೆತ್ತಗಿತ್ತು. ಆದರೂ ಹಿಡಿದುಕೊಂಡೇ ಇದ್ದೆ. ಅವನು ಮೆಲ್ಲಗೆ ಒರಗಿದ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು ಕೇಳಿದ, "ಎಷ್ಟು ಗಂಟೆ ಆಯ್ತಮ್ಮ?"

ಗಡಿಯಾರ ಕಟ್ಟಿದ್ದ ಕೈಯನ್ನೇ ಅವನು ಹಿಡಿದಿದ್ದ. ಬಿಡಿಸಿಕೊಂಡು ನೋಡಬಹುದಿತ್ತು.

"ಗೊತ್ತಿಲ್ಲಪ್ಪ," ಅಂದೆ.

ನೀನು ಔಷಧಿ ತಂದಾಗಲೂ ನಾನು ಗಡಿಯಾರ ನೋಡಲಿಲ್ಲ. ಆ ನಾಲ್ಕು ಜನಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನ,
ಅಮ್ಮ